ಎಪ್ಪತ್ತು ಮಕ್ಕಳ ಸರ್ಕಾರಿ ಪ್ರೌಢಶಾಲೆ ಯಾವ ಆಟದ ತಂಡ ಕಟ್ಟಬೇಕು?

ಪ್ರಶ್ನೆ: ಗಂಗಾವಳಿ ದಂಡೆಯವನು, ಅಂಕೋಲಾ ತಾಲ್ಲೂಕು

ನಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಈಗ 71 ಮಕ್ಕಳಿದ್ದು, ಅವರಲ್ಲಿ 38 ಮಂದಿ ಹುಡುಗಿಯರು. ನಾನು ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕ ಸದಸ್ಯನಾಗಿದ್ದೇನೆ. ದೈಹಿಕ ಶಿಕ್ಷಣ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ. ಸಮಾಜ ವಿಜ್ಞಾನದ ಮಾಸ್ತರರೇ ಪಾಠದ ಜೊತೆಗೆ ಸೀಟಿಯನ್ನೂ ಕೊರಳಿಗೆ ಹಾಕಿಕೊಂಡು, ತಮಗೆ ತಿಳಿದಷ್ಟನ್ನು ಮನಸ್ಸಿಟ್ಟು ಮಾಡುತ್ತಿದ್ದಾರೆ. ಅವರ ಮೇಲೆ ನನ್ನ ದೂರೇನೂ ಇಲ್ಲ.

ಕಳೆದ ವಲಯ ಮಟ್ಟದ ಕ್ರೀಡಾಕೂಟಕ್ಕೆ ಕಬಡ್ಡಿ, ಖೋ-ಖೋ, ವಾಲಿಬಾಲ್, ಥ್ರೋಬಾಲ್, ರಿಲೇ ಎಂದು ಅವಕಾಶವಿದ್ದ ಕಡೆಗೆಲ್ಲ ಹೆಸರು ಕೊಟ್ಟೆವು. ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲದರಲ್ಲೂ ಅದೇ ಎಂಟು-ಹತ್ತು ಮಕ್ಕಳಿದ್ದರು. ಕಬಡ್ಡಿ ಆಡಿ ಮುಗಿಸಿದ ಹುಡುಗಿಯರು ಮೊಣಕಾಲಿನ ಕೆಸರನ್ನು ತೊಳೆದುಕೊಳ್ಳುವ ಮೊದಲೇ ಖೋ-ಖೋ ತಂಡ ತಕ್ಷಣ ಅಂಕಣಕ್ಕೆ ಬರಬೇಕೆಂದು ಧ್ವನಿವರ್ಧಕದಲ್ಲಿ ಕೂಗಿದರು. ಊಟದ ಹೊತ್ತಿಗೆ ನಾವು ಎಲ್ಲ ಗುಂಪು ಆಟಗಳಿಂದಲೂ ಹೊರಬಿದ್ದಿದ್ದೆವು. ಒಬ್ಬ ಹುಡುಗ ಎತ್ತರ ಜಿಗಿತದಲ್ಲಿ ಎರಡನೆಯವನಾಗಿ ಬಂದದ್ದಷ್ಟೇ ನಮ್ಮ ಪಾಲಿನ ಗಳಿಕೆ.

ಇದಾದ ಮೇಲೆ ಸಮಿತಿಯಲ್ಲಿ ಎರಡು ಮಾತು ಕೇಳಿಬರುತ್ತಿವೆ. ಇಷ್ಟು ಕಡಿಮೆ ಮಕ್ಕಳಿರುವಾಗ ಗುಂಪು ಆಟಗಳ ಗೊಡವೆಯೇ ಬೇಡ, ಓಟ-ಜಿಗಿತಗಳಿಗೆ ಮಾತ್ರ ಕಳುಹಿಸೋಣ ಎಂಬುದು ಒಂದು. ಆಟವೂ ಇಲ್ಲದ ಶಾಲೆಗೆ ಮಕ್ಕಳನ್ನು ಯಾರು ಸೇರಿಸುತ್ತಾರೆ, ಈಗಲೇ ಅರ್ಧ ಊರಿನ ಮಕ್ಕಳು ಪೇಟೆಯ ಶಾಲೆಯ ವ್ಯಾನ್ ಹತ್ತುತ್ತಿದ್ದಾರಲ್ಲ ಎಂಬುದು ಇನ್ನೊಂದು. ಎರಡರಲ್ಲೂ ನಿಜವಿದೆ ಎಂದು ನನಗೆ ತೋರುತ್ತದೆ.

ಮೈದಾನದ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಶಾಲೆಯ ಹಿಂದೆ ಸುಮಾರು 40 ಮೀಟರ್ ಉದ್ದ, 25 ಮೀಟರ್ ಅಗಲದ ಜಾಗವಿದೆ. ಒಂದು ಮೂಲೆಯಲ್ಲಿ ಚೀರೆಕಲ್ಲಿನ ಹಾಸು ಮೇಲೆದ್ದಿದೆ. ಅದರಾಚೆ ಅರಣ್ಯ ಇಲಾಖೆಯ ಗಡಿಕಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗ್ಗಿನ ಅರ್ಧಭಾಗದಲ್ಲಿ ನೀರು ನಿಲ್ಲುತ್ತದೆ, ಕ್ರೀಡಾಕೂಟ ಬರುವುದೂ ಅದೇ ಮಳೆಗಾಲದಲ್ಲಿ. ಇಂಥ ಶಾಲೆ ಯಾವ ಆಟವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಶಾಲೆಗಳಲ್ಲಿ ತಂಡ ಕಟ್ಟಿ ಅನುಭವವಿರುವವರು ದಯವಿಟ್ಟು ತಿಳಿಸಿ. ಪಕ್ಕದ ಊರಿನ ಪ್ರೌಢಶಾಲೆಯೂ ನಮ್ಮಷ್ಟೇ ಚಿಕ್ಕದು. ಇಬ್ಬರೂ ಸೇರಿ ಒಂದು ತಂಡ ಮಾಡಿಕೊಳ್ಳಲು ಬರುತ್ತದೆಯೇ ಎಂಬುದನ್ನೂ ತಿಳಿಯಬೇಕಾಗಿದೆ.

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಶಿರಸಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬರುವುದಿಲ್ಲ. ಇಲಾಖೆಯ ಕೂಟದಲ್ಲಿ ಆಡುವುದು ಶಾಲೆಯ ತಂಡ. ಪ್ರತಿ ಮಗುವಿನ ಅರ್ಹತಾ ಪತ್ರದಲ್ಲಿ ದಾಖಲಾತಿ, ಜನ್ಮದಿನಾಂಕ, ಭಾವಚಿತ್ರ, ಮುಖ್ಯಾಧ್ಯಾಪಕರ ಸಹಿ ಎಲ್ಲವೂ ಒಂದೇ ಶಾಲೆಯದಾಗಿರಬೇಕು. ಆದರೆ ಅಭ್ಯಾಸದ ಪಂದ್ಯಗಳಿಗೆ ಆ ಶಾಲೆಗಿಂತ ಒಳ್ಳೆಯ ಜೊತೆಗಾರರು ನಿಮಗೆ ಸಿಗಲಾರರು. ತಿಂಗಳಿಗೊಮ್ಮೆ ಅವರು ನಿಮ್ಮಲ್ಲಿಗೆ ಬರಲಿ, ನೀವು ಅವರಲ್ಲಿಗೆ ಹೋಗಿ.

ನೀವು ಸೋತದ್ದು ಮಕ್ಕಳು ಕಡಿಮೆ ಇದ್ದುದರಿಂದ ಎಂದು ನನಗೆ ಅನ್ನಿಸುವುದಿಲ್ಲ. ಹತ್ತು ಮಕ್ಕಳನ್ನು ಐದು ಆಟಗಳಿಗೆ ಹಂಚಿದ್ದರಿಂದ ಸೋತಿರಿ. ಆಟವನ್ನು ಆರಿಸುವಾಗ ಸಾಮಾನ್ಯವಾಗಿ ಎಲ್ಲರೂ ಕಣದಲ್ಲಿ ಎಷ್ಟು ಜನ ಬೇಕು ಎಂದು ಎಣಿಸುತ್ತಾರೆ: ವಾಲಿಬಾಲಿಗೆ 6, ಕಬಡ್ಡಿಗೆ 7, ಥ್ರೋಬಾಲಿಗೆ 7, ಖೋ-ಖೋಗೆ 9. ಹಾಗೆ ಎಣಿಸಿದರೆ ಚಿಕ್ಕ ಶಾಲೆಗೆ ವಾಲಿಬಾಲೇ ಸರಿ, ಖೋ-ಖೋ ಎಲ್ಲಕ್ಕಿಂತ ಕಷ್ಟ ಎಂದು ಕಾಣುತ್ತದೆ. ಚಿಕ್ಕ ಶಾಲೆ ಎಣಿಸಬೇಕಾದದ್ದು ದಿನನಿತ್ಯದ ಅಭ್ಯಾಸಕ್ಕೆ ಎಷ್ಟು ಜನ ಬೇಕು ಎಂಬುದನ್ನು. ವಾಲಿಬಾಲಿನಲ್ಲಿ ಬಲೆಯ ಆಚೆಗೂ ಆರು ಜನ ನಿಂತು ಚೆಂಡನ್ನು ಒಳ್ಳೆಯ ರೀತಿಯಲ್ಲಿ ತಿರುಗಿಸಿ ಕೊಡದಿದ್ದರೆ ಈಚೆಯ ಆರು ಜನರಿಗೆ ಏನೂ ಕಲಿಯಲಾಗುವುದಿಲ್ಲ. ಖೋ-ಖೋದಲ್ಲಿ ಹಾಗಲ್ಲ. ಓಡುವ ತಂಡದವರು ಒಮ್ಮೆಗೆ ಮೂವರಂತೆ ಕಣಕ್ಕೆ ಇಳಿಯುವುದರಿಂದ, ಎಂಟು ಜನ ಕುಳಿತು ಒಬ್ಬಳು ಅಟ್ಟಿಸಿಕೊಂಡು ಹೋಗುವಾಗ ಎದುರಿಗೆ ಮೂರು ಜನ ಓಟಗಾರ್ತಿಯರಿದ್ದರೆ ಪಂದ್ಯದ ನಿಜವಾದ ಸ್ಥಿತಿಯೇ ಆಯಿತು. ಒಟ್ಟು ಹನ್ನೆರಡು ಮಕ್ಕಳು. ಸರದಿಯ ಮೇಲೆ ಓಡುವವರನ್ನು ಬದಲಾಯಿಸುತ್ತ ಹೋದರೆ ಎಲ್ಲರಿಗೂ ಎರಡೂ ಕೆಲಸ ಬರುತ್ತವೆ. ಕಬಡ್ಡಿಯಲ್ಲೂ ಒಬ್ಬ ದಾಳಿಗಾರ, ಏಳು ಹಿಡಿತಗಾರರು, ಎಂಟೇ ಜನರಲ್ಲಿ ಅಭ್ಯಾಸ ನಡೆಯುತ್ತದೆ. ಆದರೆ ಕಬಡ್ಡಿಗೆ ಮೈಯ ತೂಕ ಬೇಕು, ಮೇಲಿನ ಹಂತಕ್ಕೆ ಹೋದಂತೆ ಮ್ಯಾಟಿನ ಮೇಲೆ ಆಡಬೇಕು. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತ ಮಗು ಶೂ ಹಾಕಿಕೊಂಡು ಮ್ಯಾಟಿನ ಮೇಲೆ ತಿರುಗುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಹೀಗಾಗಿ 38 ಹುಡುಗಿಯರಿರುವ ನಿಮ್ಮ ಶಾಲೆ ಹುಡುಗಿಯರ ಖೋ-ಖೋವನ್ನು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಿಮ್ಮ ಜಾಗದಲ್ಲಿ ಚೀರೆಕಲ್ಲಿನ ಮೂಲೆಯನ್ನು ಬಿಟ್ಟೂ ಹಿಡಿಸುತ್ತದೆ. ಎರಡು ಕಂಬ ಮತ್ತು ಸುಣ್ಣದ ಪುಡಿ ಬಿಟ್ಟರೆ ಬೇರೆ ಸಲಕರಣೆ ಬೇಡ. ಹಳ್ಳಿಯ ಶಾಲೆಗಳಿಗೆ ಇದು ಸಣ್ಣ ಆಟವೂ ಅಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯವರು.

ಮಳೆಗಾಲದ ಬಗ್ಗೆ ಬರೆದಿದ್ದೀರಿ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೇ ಆಗುವ ನಮ್ಮ ಜಿಲ್ಲೆಯಲ್ಲಿ ಜೂನ್‌ನಲ್ಲಿ ತಂಡ ಕಟ್ಟಲು ಹೊರಟರೆ, ನಡುವೆ ಮಳೆಯ ರಜೆಗಳೂ ಬಂದು, ಕೂಟದ ಹೊತ್ತಿಗೆ ಮಕ್ಕಳು ನೆಟ್ಟಗೆ ಹದಿನೈದು ದಿನವೂ ಮೈದಾನ ಕಂಡಿರುವುದಿಲ್ಲ. ಕೆಲಸ ದೀಪಾವಳಿಯ ನಂತರ ಆರಂಭವಾಗಬೇಕು. ನೆಲ ಗಟ್ಟಿಯಾಗಿರುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಎಂಟು ಮತ್ತು ಒಂಬತ್ತನೆಯ ತರಗತಿಯವರನ್ನು ಇಟ್ಟುಕೊಂಡು ತಂಡ ಕಟ್ಟಿದರೆ, ಮುಂದಿನ ಆಗಸ್ಟ್‌ನಲ್ಲಿ ಆಡುವವರು ಅವರೇ. ಈ ವರ್ಷದ ಹತ್ತನೆಯವರ ಮೇಲೆ ಹಾಕಿದ ಶ್ರಮ ಕೂಟ ಮುಗಿದ ದಿನವೇ ಶಾಲೆಯಿಂದ ಹೊರಗೆ ಹೋಗುತ್ತದೆ ಎಂಬುದನ್ನು ಚಿಕ್ಕ ಶಾಲೆಗಳು ಮರೆಯುತ್ತವೆ.

ಮಳೆಯ ತಿಂಗಳುಗಳಲ್ಲಿ ಜಗುಲಿ ಸಾಕು. ಖೋ-ಖೋದಲ್ಲಿ ಅರ್ಧದಷ್ಟು ಅಂಕಗಳು ಹೋಗುವುದು ಓಟ ಸಾಲದೆ ಅಲ್ಲ, ಎದ್ದೇಳುವುದು ತಡವಾಗಿ. ಚೌಕದಲ್ಲಿ ಕುಳಿತ ಹುಡುಗಿ ಬೆನ್ನಿಗೆ ಕೈ ತಾಗಿ 'ಖೋ' ಎಂದು ಕೇಳಿದ ಮೇಲೆ ಏಳಬೇಕು; ಮೊದಲೇ ಎದ್ದರೆ ತಪ್ಪು, ಅರೆಗಳಿಗೆ ತಡೆದರೆ ಓಟಗಾರ್ತಿ ಎರಡು ಚೌಕ ದಾಟಿರುತ್ತಾಳೆ. ಒಮ್ಮೆ ದಿಕ್ಕು ಹಿಡಿದವಳು ಹಿಂದಕ್ಕೆ ತಿರುಗುವಂತಿಲ್ಲ, ನಡುವಿನ ಪಟ್ಟಿಯನ್ನು ದಾಟುವಂತಿಲ್ಲ. ಪಾದಗಳನ್ನು ಹಿಂದೆಮುಂದೆ ಇಟ್ಟು ಕೂರುವ 'ಬುಲೆಟ್ ಟೋ', ಸಮವಾಗಿ ಇಟ್ಟು ಕೂರುವ 'ಪ್ಯಾರಲಲ್ ಟೋ' ಎಂಬ ಎರಡು ಕ್ರಮಗಳಿವೆ. ಇವೆರಡರಲ್ಲಿ ಯಾವ ಮಗುವಿಗೆ ಯಾವುದರಿಂದ ಬೇಗ ಏಳಲು ಬರುತ್ತದೆ ಎಂದು ನೋಡಿ ಗೊತ್ತುಮಾಡಿ, ಪ್ರತಿದಿನ ಜಗುಲಿಯ ಮೇಲೆ ಸಾಲಾಗಿ ಕೂರಿಸಿ ಎಬ್ಬಿಸಿ. ಸಮಾಜ ವಿಜ್ಞಾನದ ಮಾಸ್ತರರು ಇದನ್ನು ಧಾರಾಳವಾಗಿ ಮಾಡಿಸಬಲ್ಲರು. ಕಂಬಕ್ಕೆ ಹಾರಿ ಮುಟ್ಟುವುದನ್ನು ಮಾತ್ರ ತಿಳಿದವರೊಬ್ಬರನ್ನು ಕರೆಸಿ, ಒಣ ನೆಲದಲ್ಲಿ ಕಲಿಸಿ.

ಉತ್ತರ: ಹೊನ್ನಾವರದ ವಾಲಿಬಾಲ್ ಪ್ರೇಮಿ

ಮೇಲಿನ ಹಿರಿಯರ ಲೆಕ್ಕ ಹುಡುಗಿಯರ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಕರಾವಳಿಯಲ್ಲಿ ಹುಡುಗರಿಗೆ ವಾಲಿಬಾಲ್ ಬಿಡಿಸುವುದು ಆಗದ ಕೆಲಸ. ಗದ್ದೆ ಕೊಯ್ಲು ಮುಗಿದು ನೆಲ ಒಣಗಿದರೆ ಪ್ರತಿ ಕೇರಿಯ ಯುವಕ ಸಂಘದವರು ಬಲೆ ಕಟ್ಟುತ್ತಾರೆ, ಶನಿವಾರ ಬಂತೆಂದರೆ ಎಲ್ಲಿಯಾದರೂ ಹೊನಲು ಬೆಳಕಿನ ಪಂದ್ಯಾವಳಿ ಇದ್ದೇ ಇರುತ್ತದೆ. ಅಭ್ಯಾಸಕ್ಕೆ ಬಲೆಯ ಆಚೆ ಆರು ಜನ ಎಲ್ಲಿಂದ ಬರಬೇಕು ಎಂದರೆ, ಅವರು ಆಗಲೇ ಊರಿನಲ್ಲಿದ್ದಾರೆ. ಸಂಜೆ ಐದಕ್ಕೆ ಶಾಲೆಯ ಹುಡುಗರಿಗೆ ಮುಕ್ಕಾಲು ಗಂಟೆ ಅಂಕಣ ಬಿಟ್ಟುಕೊಡಬೇಕೆಂದು ಶಾಲೆಯ ಪರವಾಗಿ ಒಂದು ಪತ್ರ ಕೊಟ್ಟು ಕೇಳಿ. ಬಹುತೇಕ ಸಂಘಗಳು ಸಂತೋಷದಿಂದ ಒಪ್ಪುತ್ತವೆ.

ಒಂದು ಎಚ್ಚರಿಕೆ ಬೇಕು. ದೊಡ್ಡವರ ಜೊತೆ ಆಡುವ ಹುಡುಗನನ್ನು ಅವರು ಹಿಂದಿನ ಸಾಲಿನಲ್ಲಿ ಚೆಂಡು ಎತ್ತಿಕೊಡಲು ಮಾತ್ರ ನಿಲ್ಲಿಸುತ್ತಾರೆ, ಅವನು ಮುಂದಿನ ಸಾಲಿಗೆ ಬರುವುದೇ ಇಲ್ಲ. ಶಾಲೆಯ ತಂಡದಲ್ಲಿ ಸರದಿ ತಿರುಗುವ ನಿಯಮ ಬಂದಾಗ ಕೈಕಾಲು ಬಿಡುತ್ತಾನೆ. ಆ ಮುಕ್ಕಾಲು ಗಂಟೆ ಬಲೆಯ ಈಚೆ ಮಕ್ಕಳಷ್ಟೇ ಒಂದು ತಂಡವಾಗಿ ಆಡುವಂತೆ ನೋಡಿಕೊಳ್ಳಿ. ನಗದು ಬಹುಮಾನದ ರಾತ್ರಿ ಪಂದ್ಯಗಳಿಗೆ ಒಂಬತ್ತನೆಯ ತರಗತಿಯ ಹುಡುಗರನ್ನು ಕರೆದೊಯ್ಯುವ ಚಾಳಿಗೂ ಪಾಲಕರೇ ಕಡಿವಾಣ ಹಾಕಬೇಕು.

ಉತ್ತರ: ಕುಮಟಾದ ತಾಯಿ

ನಾನು ಶಾಲೆಯಲ್ಲಿದ್ದಾಗ ಥ್ರೋಬಾಲ್ ಆಡಿದವಳು, ಈಗ ನನ್ನ ಮಗಳು ಖೋ-ಖೋ ಆಡುತ್ತಾಳೆ. ಹುಡುಗಿಯರ ತಂಡ ಎಂದು ಬರೆಯುವುದು ಸುಲಭ. ಅದು ಅರ್ಧಕ್ಕೆ ನಿಲ್ಲುವ ಕಾರಣಗಳು ಮೈದಾನದಲ್ಲಿ ಇರುವುದಿಲ್ಲವಾದ್ದರಿಂದ ಗಂಡಸರ ಚರ್ಚೆಯಲ್ಲಿ ಅವು ಬರುವುದು ಕಡಿಮೆ.

ಹುಡುಗಿಯರ ತಂಡ ಹೊರಗೆ ಹೋಗಬೇಕಾದರೆ ಜೊತೆಗೆ ಒಬ್ಬರು ಅಕ್ಕೋರು, ಎಂದರೆ ಶಿಕ್ಷಕಿ, ಹೋಗಲೇಬೇಕು. ಚಿಕ್ಕ ಶಾಲೆಯಲ್ಲಿ ಅಂಥವರು ಒಬ್ಬರೋ ಇಬ್ಬರೋ ಇರುತ್ತಾರೆ. ಅವರೇ ಹತ್ತನೆಯ ತರಗತಿಗೆ ಗಣಿತ ಹೇಳುವವರಾಗಿದ್ದರೆ, ತಂಡ ಗೆದ್ದಷ್ಟೂ ಶಾಲೆಗೆ ತೊಂದರೆ ಹೆಚ್ಚುತ್ತದೆ: ವಲಯದಲ್ಲಿ ಗೆದ್ದರೆ ತಾಲ್ಲೂಕು, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆ. ಗೆಲ್ಲುವುದನ್ನೇ ಒಳಗೊಳಗೆ ಹೆದರುವ ಶಾಲೆಗಳನ್ನು ನಾನು ನೋಡಿದ್ದೇನೆ, ಅವರನ್ನು ದೂರಿ ಪ್ರಯೋಜನವಿಲ್ಲ. ಆ ದಿನಗಳ ಪಾಠವನ್ನು ಯಾರು, ಯಾವಾಗ ತುಂಬಿಕೊಡುತ್ತಾರೆ ಎಂಬುದನ್ನು ಸಮಿತಿ ಮತ್ತು ಮುಖ್ಯಾಧ್ಯಾಪಕರು ಕೂಟಕ್ಕೆ ಮೊದಲೇ ಕುಳಿತು ತೀರ್ಮಾನಿಸಿದರೆ ಅಕ್ಕೋರು ನಿಶ್ಚಿಂತೆಯಿಂದ ಹೊರಡುತ್ತಾರೆ.

ಪ್ರಯಾಣದ ಖರ್ಚು ಮೊದಲಿನಷ್ಟು ದೊಡ್ಡ ತಲೆನೋವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರ ಇಡೀ ತಂಡ, ಅಕ್ಕೋರೂ ಸೇರಿ, ಟಿಕೆಟಿಗೆ ಹಣ ಕೊಡದೆ ಕಾರವಾರದವರೆಗೂ ಹೋಗಿಬರಬಹುದು. ಪ್ರತಿಯೊಬ್ಬಳ ಕೈಯಲ್ಲೂ ಆಧಾರ್ ಇರಲಿ, ಒಬ್ಬಳು ಮರೆತರೂ ಕಂಡಕ್ಟರರ ಜೊತೆ ವಾದವಾಗುತ್ತದೆ. ಹುಡುಗರ ರಿಯಾಯಿತಿ ಪಾಸು ಮನೆಯಿಂದ ಶಾಲೆಯ ದಾರಿಗೆ ಮಾತ್ರವಾದ್ದರಿಂದ ಅವರಿಗೆ ಹಣ ಹೊಂದಿಸಬೇಕು. ಇದನ್ನು ಹೇಳಲು ಕಾರಣವಿದೆ: ನಿಮ್ಮ ಸಮಿತಿಯ ಹತ್ತಿರ ಇರುವ ಅಲ್ಪ ಹಣವನ್ನು ಹುಡುಗಿಯರ ಪ್ರಯಾಣಕ್ಕೆಂದು ಎತ್ತಿಡಬೇಕಾಗಿಲ್ಲ, ಅದರಲ್ಲಿ ಅವರ ಬಟ್ಟೆಗೆ ವ್ಯವಸ್ಥೆ ಮಾಡಿ.

ಬಟ್ಟೆಯ ವಿಷಯ ಚಿಕ್ಕದಲ್ಲ. ಚೂಡಿದಾರದ ಸಮವಸ್ತ್ರದಲ್ಲೇ ವೇಲನ್ನು ಸೊಂಟಕ್ಕೆ ಬಿಗಿದು ಖೋ-ಖೋ ಆಡಿಸಿದ ತಂಡವನ್ನು ಹೋದ ವರ್ಷ ನೋಡಿದೆ. ಕುಳಿತ ಹುಡುಗಿ ಏಳುವಾಗ ತನ್ನದೇ ಕುರ್ತಾದ ಅಂಚನ್ನು ಮೆಟ್ಟಿ ಮುಗ್ಗರಿಸಿದಳು. ಅಂಗಿ ಮತ್ತು ಟ್ರ್ಯಾಕ್ ಪ್ಯಾಂಟು ಇಬ್ಬರಿಗೆ ಒಂದು ಜೊತೆಯಂತಲ್ಲ, ಆಡುವ ಪ್ರತಿಯೊಬ್ಬಳಿಗೂ ಅವಳ ಅಳತೆಯದು ಇರಬೇಕು, ಬಣ್ಣ ಗಾಢವಾಗಿರಬೇಕು. ಏಕೆ ಗಾಢ ಬಣ್ಣ ಎಂದು ಯಾವ ಹುಡುಗಿಯೂ ಮಾಸ್ತರರಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಿನ ದಿನಗಳಲ್ಲಿ ತಿಳಿ ಬಣ್ಣದ ಪ್ಯಾಂಟು ಹಾಕಿ ಸಾವಿರ ಜನರ ಎದುರು ಓಡುವುದಕ್ಕಿಂತ ಹೊಟ್ಟೆನೋವು ಎಂದು ಹೇಳಿ ಮನೆಯಲ್ಲಿ ಉಳಿಯುವುದು ಅವರಿಗೆ ಸುಲಭ. ಕೂಟ ನಡೆಯುವ ಜಾಗದಲ್ಲಿ ಬಟ್ಟೆ ಬದಲಿಸಲು ಕೋಣೆ, ನೀರಿರುವ ಶೌಚಾಲಯ ಎಲ್ಲಿವೆ ಎಂದು ಮೊದಲು ಹೋದ ಅಕ್ಕೋರು ನೋಡಿಟ್ಟುಕೊಳ್ಳಲಿ.

ಸಂಜೆಯ ಅಭ್ಯಾಸ ಕೊನೆಯ ಬಸ್ಸಿಗೆ ಅರ್ಧ ಗಂಟೆ ಮೊದಲು ಮುಗಿಯಬೇಕು. ಇಷ್ಟನ್ನು ಪಾಲಿಸಿದರೆ ತಾಯಂದಿರು ಒಪ್ಪುತ್ತಾರೆ. ಒಂದು ದಿನ ಕತ್ತಲಾದ ಮೇಲೆ ಮಗಳು ಮನೆಗೆ ಬಂದಳೆಂದರೆ ಮರುದಿನದಿಂದ ಆ ಮನೆಯ ಹುಡುಗಿ ತಂಡದಲ್ಲಿ ಇರುವುದಿಲ್ಲ.

ಉತ್ತರ: ಭಟ್ಕಳದ ಕಡೆಯ ಶಿಕ್ಷಕ

ನಾನು ಸ್ವಲ್ಪ ಬೇರೆಯಾಗಿ ಯೋಚಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಶಾಲೆಯನ್ನು ಅಳೆಯುವುದು ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ. ಹತ್ತನೆಯಲ್ಲಿ 24 ಮಕ್ಕಳಿರುವ ಶಾಲೆಯಲ್ಲಿ ಒಬ್ಬ ನಪಾಸಾದರೆ ಶೇಕಡಾ ನಾಲ್ಕಕ್ಕೂ ಹೆಚ್ಚು ಕುಸಿಯುತ್ತದೆ, ದೊಡ್ಡ ಶಾಲೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಬೆಳಿಗ್ಗೆ, ಸಂಜೆ ವಿಶೇಷ ತರಗತಿ ನಡೆಸುವ ಶಿಕ್ಷಕರಿಗೆ ಅದೇ ಹೊತ್ತಿನಲ್ಲಿ ಅಭ್ಯಾಸಕ್ಕೂ ಮಕ್ಕಳನ್ನು ಬಿಡಿ ಎಂದರೆ ಅವರು ಏನು ಮಾಡಬೇಕು? ತಂಡ ಬೇಡವೆಂದು ನಾನು ಹೇಳುತ್ತಿಲ್ಲ. ಹತ್ತನೆಯವರು ಕೂಟ ಮುಗಿಯುವವರೆಗೆ ಮಾತ್ರ ಆಡುತ್ತಾರೆ, ದಸರಾ ರಜೆಯ ನಂತರ ಅವರನ್ನು ಯಾರೂ ಮೈದಾನಕ್ಕೆ ಕರೆಯುವುದಿಲ್ಲ ಎಂಬ ಒಪ್ಪಂದ ಸಮಿತಿಯ ನಡಾವಳಿಯಲ್ಲಿ ದಾಖಲಾಗಲಿ. ಶಿರಸಿಯ ಹಿರಿಯರು ಹೇಳಿದ ದೀಪಾವಳಿಯ ನಂತರದ ಕ್ರಮ ಇದಕ್ಕೆ ಹೊಂದಿಕೊಳ್ಳುತ್ತದೆ ಎಂಬುದನ್ನು ಒಪ್ಪುತ್ತೇನೆ.

ಮಕ್ಕಳು ಏನು ತಿಂದು ಆಡುತ್ತಾರೆ ಎಂಬುದನ್ನೂ ನೋಡಬೇಕು. ಅಕ್ಷರ ದಾಸೋಹದ ಊಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಈಗ ಹತ್ತನೆಯ ತರಗತಿಯವರೆಗೂ ಸಿಗುತ್ತದೆ. ಆದರೆ ಮಧ್ಯಾಹ್ನ ಉಂಡವರು ಸಂಜೆ ಐದರವರೆಗೆ ಬರಿಹೊಟ್ಟೆಯಲ್ಲಿ ಓಡಬೇಕಾಗುತ್ತದೆ. ಅಭ್ಯಾಸಕ್ಕೆ ಮೊದಲು ಒಂದು ಹಿಡಿ ಅವಲಕ್ಕಿ-ಬೆಲ್ಲ ಕೊಡುವ ಏರ್ಪಾಡನ್ನು ಪಾಲಕರು ಸರದಿಯ ಮೇಲೆ ಮಾಡಿದರೆ, ಟ್ರೋಫಿಗೆ ದೇಣಿಗೆ ಎತ್ತುವುದಕ್ಕಿಂತ ಹೆಚ್ಚಿನ ಉಪಕಾರವಾದೀತು.

ಉತ್ತರ: ಯಲ್ಲಾಪುರದಿಂದ

ಗುಂಪು ಆಟ ಹಿಡಿದ ಭರದಲ್ಲಿ ಎತ್ತರ ಜಿಗಿತದ ಆ ಹುಡುಗನನ್ನು ಮರೆಯಬೇಡಿ. ಅಥ್ಲೆಟಿಕ್ಸಿಗೆ ಶಾಲೆಯ ಗಾತ್ರದ ಹಂಗಿಲ್ಲ, ಒಂದು ಮಗು ಇದ್ದರೂ ಸಾಕು. ಪ್ರೌಢಶಾಲಾ ವಿಭಾಗ 17 ವರ್ಷದೊಳಗಿನವರದ್ದಾಗಿರುವುದರಿಂದ ಈಗ ಎಂಟನೆಯಲ್ಲಿರುವ ಮಗುವಿಗೆ ಮೂರು ಕೂಟಗಳು ಸಿಗುತ್ತವೆ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಕಾಡಿನ ನಡುವಿನ ಊರುಗಳಿಂದ ಈ ಮಕ್ಕಳನ್ನು ಆರಿಸಿ, ದೂರದ ಕೇಂದ್ರಗಳಲ್ಲಿಟ್ಟು ತರಬೇತಿ ಕೊಟ್ಟರು. ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತಾಗ ಅರ್ಧ ದಾರಿಯಲ್ಲಿದ್ದವರು ಊರಿಗೆ ಮರಳಿದರು, ಮರಳಿದವರಿಗೆ ಊರಿನಲ್ಲಿ ಓಡಲು ಮೈದಾನವಾಗಲಿ ಹೇಳಿಕೊಡುವವರಾಗಲಿ ಇರಲಿಲ್ಲ. ಮೇಲಿನಿಂದ ಬರುವ ಯೋಜನೆ ಬಂದಂತೆಯೇ ಹೋಗಬಹುದು. ಊರಿನ ಶಾಲೆಯಲ್ಲಿ ವರ್ಷವರ್ಷವೂ ನಡೆಯುವ ಅಭ್ಯಾಸ ಇದ್ದಿದ್ದರೆ ಅವರಲ್ಲಿ ಕೆಲವರಾದರೂ ಮುಂದುವರಿಯುತ್ತಿದ್ದರು ಎಂಬುದು ನನ್ನ ಎಣಿಕೆ. ಇಂದಿಗೂ ಹಳಿಯಾಳದ ಕುಸ್ತಿ ಉಳಿದುಕೊಂಡು ಬಂದಿರುವುದು ಊರೂರಿನಲ್ಲಿ ಗರಡಿಯ ನೆಲೆ ಇದ್ದುದರಿಂದಲೇ.

ನೀವು ನದಿಯ ದಂಡೆಯವರು, ಸಮುದ್ರವೂ ದೂರವಿರಲಾರದು. ಇಳಿತದ ಹೊತ್ತಿನಲ್ಲಿ ನೀರಂಚಿನ ಗಟ್ಟಿ ಮರಳಿನ ಮೇಲೆ ಓಡಿಸಬಹುದು, ಆದರೆ ಮಳೆಗಾಲದ ಕಡಲಿನ ಬಳಿಗೆ ಮಕ್ಕಳನ್ನು ಒಯ್ಯುವುದು ಸರ್ವಥಾ ಬೇಡ. ನವೆಂಬರ್ ನಂತರ, ದೊಡ್ಡವರು ಜೊತೆಗಿದ್ದಾಗ ಮಾತ್ರ.

ಉತ್ತರ: ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ, ಕಾರವಾರ ತಾಲ್ಲೂಕು

ಮೈದಾನದ ಬಗ್ಗೆ ಎರಡು ಮಾತು. ಉದ್ಯೋಗ ಖಾತರಿಯ ಹಣದಲ್ಲಿ ನಮ್ಮ ರಾಜ್ಯದ ಅನೇಕ ಪಂಚಾಯಿತಿಗಳು ಶಾಲೆಗಳಿಗೆ ಆವರಣ ಗೋಡೆ, ಖೋ-ಖೋ ಮತ್ತು ಕಬಡ್ಡಿ ಅಂಕಣ ಮಾಡಿಕೊಟ್ಟಿವೆ. ನಿಮ್ಮ ಪಂಚಾಯಿತಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಶಾಲೆಯ ಹೆಸರು ಸೇರಬೇಕಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ಠರಾವು ಬರೆಸಬೇಕು. ಬಾಯಿಮಾತಿನ ಬೇಡಿಕೆ ಕ್ರಿಯಾಯೋಜನೆಯವರೆಗೆ ತಲುಪುವುದಿಲ್ಲ. ಕೇಳುವಾಗಲೂ ಮೈದಾನ ಅಭಿವೃದ್ಧಿ ಎಂದು ಸಡಿಲವಾಗಿ ಕೇಳದೆ, ತಗ್ಗಿನ ಬದಿಗೆ ಚರಂಡಿ ಮತ್ತು ಮಣ್ಣು ತುಂಬಿಸಿ ಸಮತಟ್ಟು ಮಾಡುವುದು ಎಂದು ಕೇಳಿ. ನೀರು ಹೋಗುವ ದಾರಿ ಮಾಡದೆ ಕೆಮ್ಮಣ್ಣು ಹಾಕಿಸಿದರೆ ಮೊದಲ ಮಳೆಗೇ ಅದು ಕೆಳಗಿನವರ ತೋಟದಲ್ಲಿರುತ್ತದೆ.

ಗಡಿಕಲ್ಲಿನ ಆಚೆಗೆ ಒಂದು ಗುದ್ದಲಿಯನ್ನೂ ಹಾಕಬೇಡಿ. ಅದು ಅರಣ್ಯವಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಮುಖ್ಯಾಧ್ಯಾಪಕರು ಸುಮ್ಮನೆ ಪ್ರಕರಣದಲ್ಲಿ ಸಿಲುಕುತ್ತಾರೆ. ಜಾಗ ನಿಜವಾಗಿ ಬೇಕೆಂದಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ನೋಡಿ. ಅದರಲ್ಲಿ ಸರ್ಕಾರ ನಡೆಸುವ ಶಾಲೆಗಳಂಥ ಸೌಕರ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಒದಗಿಸಲು ಅವಕಾಶವಿದೆ. ಆ ಪಟ್ಟಿಯಲ್ಲಿ ಆಟದ ಮೈದಾನ ಎಂದು ಪ್ರತ್ಯೇಕವಾಗಿ ಬರೆದಿಲ್ಲವಾದ್ದರಿಂದ, ಅರ್ಜಿಯನ್ನು ಶಾಲೆಯ ಹೆಸರಿನಲ್ಲಿ, ಶಾಲೆಯ ಅಗತ್ಯವೆಂದೇ ಬರೆಯಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳಿದ್ದು, ಎಂಟನೆಯ ತರಗತಿಯವರೆಗೆ ಅದು ಅನ್ವಯಿಸುತ್ತದೆ. ಅರ್ಜಿಯಲ್ಲಿ ಅದನ್ನೂ ಕಾಣಿಸಿ. ಆದರೂ ಶಿರಸಿಯವರು ಹೇಳಿದಂತೆ ಖೋ-ಖೋ ಇರುವ ಜಾಗದಲ್ಲೇ ಹಿಡಿಸುವುದಾದರೆ, ವರ್ಷಗಟ್ಟಲೆ ಕಡತದ ಹಿಂದೆ ಓಡಾಡುವ ಮೊದಲು ಚರಂಡಿಯ ಕೆಲಸವನ್ನು ಮುಗಿಸಿಕೊಳ್ಳುವುದು ಜಾಣತನ.

ಪ್ರಶ್ನೆ ಕೇಳಿದವರ ಮರುಮಾತು: ಗಂಗಾವಳಿ ದಂಡೆಯವನು

ಎಲ್ಲರಿಗೂ ಧನ್ಯವಾದಗಳು. ಇಲ್ಲಿನ ಉತ್ತರಗಳನ್ನು ಅಚ್ಚು ಹಾಕಿಸಿ ಸಮಿತಿಯ ಸಭೆಯಲ್ಲಿ ಓದಿದೆವು. ಹುಡುಗಿಯರಿಗೆ ಖೋ-ಖೋ, ಹುಡುಗರಿಗೆ ವಾಲಿಬಾಲ್, ಇವೆರಡನ್ನು ಬಿಟ್ಟು ಬೇರೆ ಗುಂಪು ಆಟಕ್ಕೆ ಮೂರು ವರ್ಷ ಹೆಸರು ಕೊಡುವುದಿಲ್ಲವೆಂದು ತೀರ್ಮಾನವಾಯಿತು. ರಿಲೇ ಬಿಡಲು ಮಕ್ಕಳು ಒಪ್ಪಲಿಲ್ಲ, ಅದನ್ನು ಉಳಿಸಿಕೊಂಡಿದ್ದೇವೆ. ದಸರೆಯ ನಂತರ ಹತ್ತನೆಯವರನ್ನು ಕರೆಯುವುದಿಲ್ಲ ಎಂಬುದು ನಡಾವಳಿಗೆ ಸೇರಿದ ಮೇಲೆ ಗಣಿತದ ಅಕ್ಕೋರು ತಂಡದ ಜೊತೆ ಹೋಗಲು ತಾವಾಗಿಯೇ ಒಪ್ಪಿದರು. ಬಟ್ಟೆಯ ವಿಷಯವನ್ನು ಸಭೆಯಲ್ಲಿ ನಾನು ಓದುವಾಗ ಗಂಡಸರು ತಲೆ ತಗ್ಗಿಸಿ ಕುಳಿತಿದ್ದರು, ಹೆಂಗಸರು ಮಾತ್ರ ಅಲ್ಲೇ ಹಣ ಕೂಡಿಸಿ ಕಡುನೀಲಿ ಬಣ್ಣವನ್ನು ಗೊತ್ತುಮಾಡಿದರು.

ಶಿರಸಿಯ ಹಿರಿಯರಲ್ಲಿ ಒಂದು ವಿನಂತಿ. ಕಂಬಕ್ಕೆ ಊರಿನವರೊಬ್ಬರು ತೋಟದಲ್ಲಿ ಬಿದ್ದ ಅಡಿಕೆ ಮರ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ನಡೆಯುತ್ತದೆಯೇ?

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಶಿರಸಿ

ಅಡಿಕೆ ಮರ ಬೇಡ. ಅದರ ಸಿಬಿರು ಹಾರಿ ಹಿಡಿಯುವವರ ಅಂಗೈಗೆ ಹೊಕ್ಕುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುಡವೂ ಕೊಳೆಯುತ್ತದೆ. ನಿಮ್ಮ ಕಡೆ ಗಾಳಿಮರದ ಗಳ ಧಾರಾಳವಾಗಿ ಸಿಗುತ್ತದೆ. ಬಲಿತ ಎರಡನ್ನು ಆರಿಸಿ, ತೊಗಟೆ ತೆಗೆದು, ಉಜ್ಜುಕಾಗದದಿಂದ ನುಣ್ಣಗೆ ಮಾಡಿ. ನೆಲದ ಮೇಲೆ 120 ಸೆಂಟಿಮೀಟರಿಗೆ ಕಡಿಮೆಯಾಗದಂತೆ ನಿಲ್ಲಬೇಕು, ತುದಿಯ ಅಂಚುಗಳನ್ನು ದುಂಡಗೆ ಕೆತ್ತಿಸಿ. ಮಣ್ಣಿನೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿದು, ಸುತ್ತ ಚೀರೆಕಲ್ಲಿನ ಚೂರು ತುಂಬಿ ಗಟ್ಟಿಯಾಗಿ ಬಡಿಯಿರಿ, ಸಿಮೆಂಟು ಹಾಕಿದರೂ ಅದು ನೆಲದಿಂದ ಮೇಲೆ ಕಾಣಬಾರದು. ಕಂಬ ನೆಟ್ಟ ಮೇಲೆ ದೊಡ್ಡವರು ಒಬ್ಬರು ಓಡಿಬಂದು ಹಿಡಿದು ತಿರುಗಿ ನೋಡಲಿ. ಅದು ಅಲುಗಾಡದಿದ್ದರೆ ಮಕ್ಕಳನ್ನು ಬಿಡಿ.